ಪಿನ್ ನಮ್ಮದು, ಹೊಣೆ ಎಷ್ಟು ನಮ್ಮದು?

ಹಾಸನದ ಸಂತೆಪೇಟೆ ಕಡೆಯ ಒಂದು ಎಟಿಎಂ. ಬೆಳಿಗ್ಗೆ ಹನ್ನೊಂದರ ಹೊತ್ತು. ಒಳಗೆ ನಾಲ್ಕು ಜನ, ಬಾಗಿಲಲ್ಲಿ ಮೂರು ಜನ. ನನ್ನ ಮುಂದೆ ಒಬ್ಬರು ಅಜ್ಜಿ ನಿಂತಿದ್ದರು. ಸರದಿ ಬಂದಾಗ ಪಕ್ಕದ ಹುಡುಗನ ಕೈಗೆ ಕಾರ್ಡ್ ಕೊಟ್ಟು, “ಮಗಾ, ಎರಡು ಸಾವಿರ ತೆಕ್ಕೊಡಪ್ಪ, ಗೃಹಲಕ್ಷ್ಮಿ ದುಡ್ಡು ಬಂದೈತಂತೆ” ಅಂದರು. “ನಂಬರ್ ಏನಜ್ಜಿ?” ಅಂತ ಅವನು ಕೇಳಿದ. ಅವನಿಗೆ ತಪ್ಪಾಗಬಾರದು ಅಂತ ಅಜ್ಜಿ ನಾಲ್ಕು ಅಂಕಿಯನ್ನೂ ಒಂದೊಂದಾಗಿ, ಗಟ್ಟಿಯಾಗಿ ಹೇಳಿದರು. ಅಲ್ಲಿದ್ದ ಎಲ್ಲರಿಗೂ ಕೇಳಿಸಿತು.

ಹುಡುಗ ಒಳ್ಳೆಯವನು. ದುಡ್ಡು ಎಣಿಸಿ ಕೊಟ್ಟ, ಕಾರ್ಡ್ ವಾಪಸ್ ಕೊಟ್ಟ, ಹೊರಟುಹೋದ. ನನಗೆ ಮಾತ್ರ ಆ ಇಡೀ ದಿನ ಅದೇ ಯೋಚನೆ. ಅವನು ಅದೇ ಬಣ್ಣದ ಬೇರೆ ಕಾರ್ಡ್ ಅಜ್ಜಿಯ ಕೈಗಿಟ್ಟು ಹೋಗಿದ್ದರೆ? ಹಾಗೆ ಕಾರ್ಡ್ ಅದಲು ಬದಲು ಮಾಡುವುದು ನಮ್ಮ ಕಡೆ ಹಳೆಯ ಮೋಸ. ಸಂಜೆ ಹೊತ್ತಿಗೆ ಖಾತೆ ಖಾಲಿಯಾಗಿದ್ದರೆ, ಆ ನಷ್ಟ ಯಾರ ತಲೆ ಮೇಲೆ ಬೀಳುತ್ತಿತ್ತು? ಬ್ಯಾಂಕಿನ ಮೇಲಾ, ಅಜ್ಜಿಯ ಮೇಲಾ?

“ಪಿನ್ ಯಾರಿಗೂ ಹೇಳಬೇಡಿ” ಅನ್ನುವುದನ್ನು ಎಲ್ಲರೂ ಕೇಳಿದ್ದೇವೆ. ಹೇಳಿದರೆ ನಾವು ಯಾವ ಹಕ್ಕು ಕಳೆದುಕೊಳ್ಳುತ್ತೇವೆ? ಹೇಳದೆ ಇದ್ದೂ ದುಡ್ಡು ಹೋದರೆ ಬ್ಯಾಂಕ್ ನಮಗೆ ಏನು ಮಾಡಿಕೊಡಬೇಕು? ಇದನ್ನು ಯಾರೂ ಕೂರಿಸಿಕೊಂಡು ಹೇಳುವುದಿಲ್ಲ. ಹೊಣೆ ಎರಡೂ ಕಡೆ ಇದೆ. ಎಲ್ಲಿವರೆಗೆ ನಮ್ಮದು, ಎಲ್ಲಿಂದ ಬ್ಯಾಂಕಿನದು ಅನ್ನುವ ಗೆರೆ ಗೊತ್ತಿಲ್ಲದಿದ್ದರೆ ಎರಡು ತೊಂದರೆ. ಒಂದೋ ಅಜ್ಜಿಯ ಹಾಗೆ ಎಲ್ಲರಿಗೂ ಹೇಳಿಬಿಡುತ್ತೇವೆ. ಇಲ್ಲವೇ ನಮ್ಮ ತಪ್ಪೇ ಇಲ್ಲದೆ ದುಡ್ಡು ಹೋದಾಗಲೂ ನಾಚಿಕೆಯಿಂದ ಸುಮ್ನೆ ಕೂತುಬಿಡುತ್ತೇವೆ.

ಪಿನ್ ಅಂದರೆ ಸಹಿ

ಹಿಂದೆ ಬ್ಯಾಂಕಿನಿಂದ ದುಡ್ಡು ತೆಗೆಯಲು ಸಹಿ ಬೇಕಿತ್ತು. ಕೌಂಟರಿನಲ್ಲಿದ್ದವರು ಚೆಕ್ಕಿನ ಸಹಿಯನ್ನು ತಮ್ಮಲ್ಲಿದ್ದ ಮಾದರಿಯ ಜೊತೆ ಹೋಲಿಸಿ ನೋಡುತ್ತಿದ್ದರು. ಯಾರೋ ಕಳ್ಳಸಹಿ ಹಾಕಿ ದುಡ್ಡು ತೆಗೆದರೆ ಅದು ಬ್ಯಾಂಕಿನ ನಷ್ಟ. ಗ್ರಾಹಕ ಪಾಸ್‌ಬುಕ್ ಸರಿಯಾಗಿ ನೋಡಲಿಲ್ಲ ಅನ್ನುವ ನೆಪ ಹೇಳಿ ಬ್ಯಾಂಕ್ ತಪ್ಪಿಸಿಕೊಳ್ಳುವ ಹಾಗಿಲ್ಲ ಅಂತ 1987ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಸಹಿ ಯಾರದು ಅಂತ ನೋಡುವ ಕಣ್ಣು ಬ್ಯಾಂಕಿನದು, ಹಾಗಾಗಿ ಹೊಣೆಯೂ ಬ್ಯಾಂಕಿನದು.

ಮೆಷಿನ್‌ಗೆ ಆ ಕಣ್ಣಿಲ್ಲ. ಕಾರ್ಡ್ ಸರಿ ಇದೆಯಾ, ನಾಲ್ಕು ಅಂಕಿ ಸರಿ ಇದೆಯಾ, ಇಷ್ಟೇ ಅದರ ಲೆಕ್ಕ. ಒತ್ತಿದ್ದು ಮಗನೋ, ಪಕ್ಕದ ಮನೆಯವರೋ, ಕಳ್ಳನೋ ಅದಕ್ಕೆ ಗೊತ್ತಾಗುವುದಿಲ್ಲ. ಯಾರು ಒತ್ತಿದರೂ ನೀವೇ ಒತ್ತಿದ ಹಾಗೆ. ಸಹಿಯನ್ನು ಇನ್ನೊಬ್ಬರಿಗೆ ಕೊಡಲು ಆಗುತ್ತಿರಲಿಲ್ಲ, ಅದು ಕೈಗೆ ಅಂಟಿಕೊಂಡಿತ್ತು. ಪಿನ್ ಒಂದೇ ಉಸಿರಿನಲ್ಲಿ ಇನ್ನೊಬ್ಬರ ಪಾಲಾಗಿಬಿಡುತ್ತದೆ. ಅದಕ್ಕೇ ಅದನ್ನು ಕಾಯುವ ಕೆಲಸ ನಮ್ಮ ಪಾಲಿಗೆ ಬಂತು.

ಅಂಕಿ ನಾಲ್ಕೇ ಯಾಕೆ? 1967ರ ಜೂನ್‌ನಲ್ಲಿ ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ ದುಡ್ಡು ಕೊಡುವ ಮೆಷಿನ್ ಶುರುವಾಯಿತು. ಅದನ್ನು ರೂಪಿಸಿದ ಜಾನ್ ಶೆಫರ್ಡ್ ಬ್ಯಾರನ್ ಮೊದಲು ಆರು ಅಂಕಿ ಇಡಬೇಕು ಅಂತ ಇದ್ದರಂತೆ. ಅವರ ಹೆಂಡತಿ ಕ್ಯಾರೊಲಿನ್, ತನಗೆ ನಾಲ್ಕೇ ನೆನಪಿರುವುದು ಅಂದರು. ಹಾಗಾಗಿ ನಾಲ್ಕು ಮಾಡಿದೆ ಅಂತ ಅವರೇ ಮುಂದೆ ಹೇಳಿದ್ದಾರೆ.

ನಾಲ್ಕು ಅಂಕಿಯಲ್ಲಿ 0000ದಿಂದ 9999ರವರೆಗೆ ಹತ್ತು ಸಾವಿರ ಪಿನ್ ಸಾಧ್ಯ. ಕಳ್ಳನಿಗೆ ಸಿಗುವುದು ಮೂರೇ ಅವಕಾಶ. ಮೂರು ಸಲ ತಪ್ಪಾದರೆ ಸಾಮಾನ್ಯವಾಗಿ ಕಾರ್ಡ್ ಬ್ಲಾಕ್ ಆಗುತ್ತದೆ. ಸುಮ್ನೆ ಊಹಿಸಿ ಗೆಲ್ಲುವುದು ತುಂಬಾ ಕಷ್ಟ. ಆದ್ದರಿಂದ ಕಳ್ಳರು ಊಹಿಸಲು ಹೋಗುವುದಿಲ್ಲ. ನಮ್ಮನ್ನೇ ಕೇಳುತ್ತಾರೆ, ಅಥವಾ ನಾವು ಒತ್ತುವಾಗ ನೋಡುತ್ತಾರೆ. ಅಥವಾ ನಮ್ಮ ಸುತ್ತ ಮುತ್ತ ಬರೆದಿಟ್ಟಿರುವುದನ್ನು ಓದುತ್ತಾರೆ.

ಈ ಕೊನೆಯದರ ಬಗ್ಗೆ ಒಂದು ಮಾತು. ನಮ್ಮಲ್ಲಿ ಎಷ್ಟೋ ಜನ ಬೈಕಿನ ನಂಬರನ್ನೇ ಪಿನ್ ಮಾಡಿಕೊಂಡಿದ್ದಾರೆ. ಕೆಎ 13ರ ಮುಂದಿನ ಆ ನಾಲ್ಕು ಅಂಕಿ ದಿನವಿಡೀ ಬಿ.ಎಂ. ರಸ್ತೆಯಲ್ಲಿ ಎಲ್ಲರ ಕಣ್ಣ ಮುಂದೆ ಓಡಾಡುತ್ತಿರುತ್ತದೆ. ಚಿಕ್ಕಮಗಳೂರಿನವರ ಕೆಎ 18, ಸಕಲೇಶಪುರದವರ ಕೆಎ 46, ಕಥೆ ಒಂದೇ. ಆರು ಅಂಕಿಯ ಯುಪಿಐ ಪಿನ್ ಕೇಳಿದಾಗ ಊರಿನ ಪಿನ್‌ಕೋಡ್ 573201 ಹಾಕಿಕೊಂಡವರನ್ನೂ ನೋಡಿದ್ದೇನೆ. ಹುಟ್ಟಿದ ವರ್ಷ, ಮೊಬೈಲ್‌ನ ಕೊನೆಯ ನಾಲ್ಕು ಅಂಕಿ, 1234, ಇವೂ ಹಾಗೆಯೇ. ಪರ್ಸ್ ಸಿಕ್ಕಿದವನಿಗೆ ಡ್ರೈವಿಂಗ್ ಲೈಸೆನ್ಸೂ ಸಿಕ್ಕಿರುತ್ತದೆ, ಆಧಾರೂ ಸಿಕ್ಕಿರುತ್ತದೆ. ಅವನು ಮೂರು ಅವಕಾಶದಲ್ಲಿ ಮೊದಲು ಒತ್ತಿ ನೋಡುವುದು ಇವನ್ನೇ ಅಲ್ವಾ?

ಬ್ಯಾಂಕಿಗೂ ಗೊತ್ತಿಲ್ಲ

ಇದನ್ನು ಹೇಳಿದರೆ ತುಂಬಾ ಜನ ನಂಬುವುದಿಲ್ಲ. ನಿಮ್ಮ ಪಿನ್ ನಿಮ್ಮ ಬ್ಯಾಂಕಿನ ಮ್ಯಾನೇಜರ್‌ಗೂ ಗೊತ್ತಿರುವುದಿಲ್ಲ. ಅವರ ಕಂಪ್ಯೂಟರಿನಲ್ಲಿ ನಿಮ್ಮ ಖಾತೆ ತೆರೆದರೆ ಹೆಸರು ಕಾಣುತ್ತದೆ, ವಿಳಾಸ ಕಾಣುತ್ತದೆ, ಬಾಕಿ ಕಾಣುತ್ತದೆ. ಪಿನ್ ಕಾಣುವುದಿಲ್ಲ. ಅದು ಸರಿಯೋ ತಪ್ಪೋ ಅಂತ ನೋಡುವುದು ಬೀಗ ಹಾಕಿದಂಥ ಒಂದು ಪ್ರತ್ಯೇಕ ಯಂತ್ರ. ಅದು ಹೌದು ಅಥವಾ ಅಲ್ಲ ಅಂತ ಮಾತ್ರ ಹೇಳುತ್ತದೆ.

ಪಾಸ್‌ವರ್ಡ್ ಇಡುವ ರೀತಿಯೂ ಹೀಗೆಯೇ ವಿಚಿತ್ರ. ಅದಕ್ಕೆ ನಮ್ಮ ಕಾಫಿಯದೇ ಉದಾಹರಣೆ ಕೊಡುತ್ತೇನೆ. ಬೀಜವನ್ನು ಹುರಿದು ಪುಡಿ ಮಾಡಬಹುದು. ಪುಡಿಯಿಂದ ಮತ್ತೆ ಬೀಜ ಮಾಡಲು ಆಗುವುದಿಲ್ಲ. ಆದರೆ ಅದೇ ಬೀಜ, ಅದೇ ಹುರಿತ, ಅದೇ ಅಳತೆಯಾದರೆ ಅದೇ ಪುಡಿ ಬರುತ್ತದೆ. ಚಿಕೋರಿ ಒಂದು ಚೂರು ಜಾಸ್ತಿಯಾದರೂ ಗೊತ್ತಾಗಿಬಿಡುತ್ತದೆ. ಒಳ್ಳೆಯ ವೆಬ್‌ಸೈಟ್ ನಿಮ್ಮ ಪಾಸ್‌ವರ್ಡನ್ನು ಇಟ್ಟುಕೊಳ್ಳುವುದಿಲ್ಲ, ಅದರ ಪುಡಿಯನ್ನು ಮಾತ್ರ ಇಟ್ಟುಕೊಳ್ಳುತ್ತದೆ. ನೀವು ಮುಂದಿನ ಸಲ ಪಾಸ್‌ವರ್ಡ್ ಹಾಕಿದಾಗ ಅದನ್ನೂ ಪುಡಿ ಮಾಡಿ, ಎರಡೂ ಒಂದೇನಾ ಅಂತ ನೋಡುತ್ತದೆ. ಈ ಪುಡಿ ಮಾಡುವ ಲೆಕ್ಕಕ್ಕೆ ಹ್ಯಾಶ್ ಅಂತ ಹೆಸರು. ಮರೆತಾಗ ಹಳೆಯ ಪಾಸ್‌ವರ್ಡ್ ಕೊಡದೆ “ಹೊಸದು ಮಾಡಿಕೊಳ್ಳಿ” ಅನ್ನುವುದು ಇದಕ್ಕೇ. ಹಳೆಯದು ಅವರ ಹತ್ತಿರ ಇಲ್ಲ.

ಪಿನ್ ನೋಡುವ ಅಧಿಕಾರವೇ ಇಲ್ಲದವರು ಪಿನ್ ಯಾಕೆ ಕೇಳುತ್ತಾರೆ? “ಬ್ಯಾಂಕಿನಿಂದ ಮಾತಾಡ್ತಿದ್ದೀವಿ, ಕೆವೈಸಿ ಅವಧಿ ಮುಗಿದಿದೆ, ಪಿನ್ ಹೇಳಿ” ಅಂತ ಯಾರಾದರೂ ಅಂದರೆ ಅವರು ಬ್ಯಾಂಕಿನವರಲ್ಲ. ಅವರ ದನಿ ಎಷ್ಟೇ ಮರ್ಯಾದೆಯದ್ದಾಗಿದ್ದರೂ, ನಿಮ್ಮ ಹೆಸರು, ಶಾಖೆ ಎಲ್ಲ ಸರಿಯಾಗಿ ಹೇಳಿದರೂ ಅಷ್ಟೇ.

ಗೆರೆ ಎಲ್ಲಿದೆ?

ಎರಡು ನಿಜವಾದ ಪ್ರಕರಣ ಹೇಳುತ್ತೇನೆ. ಇವೆರಡರ ನಡುವೆ ಆ ಗೆರೆ ಸ್ಪಷ್ಟವಾಗಿ ಕಾಣುತ್ತದೆ.

ಮೊದಲನೆಯದು ಬೆಂಗಳೂರಿನದು. 2013ರ ನವೆಂಬರ್‌ನಲ್ಲಿ ಹೆರಿಗೆ ರಜೆಯಲ್ಲಿದ್ದ ಒಬ್ಬ ತಾಯಿ, ₹25,000 ತರಲು ಗಂಡನ ಕೈಗೆ ಕಾರ್ಡ್ ಕೊಟ್ಟು ಪಿನ್ ಹೇಳಿದರು. ಮೆಷಿನ್‌ನಿಂದ ಚೀಟಿ ಬಂತು, ದುಡ್ಡು ಬರಲಿಲ್ಲ. ಖಾತೆಯಲ್ಲಿ ಮಾತ್ರ ಕಡಿತವಾಗಿತ್ತು. ಆ ಮನೆಯವರು ವರ್ಷಗಟ್ಟಲೆ ಓಡಾಡಿದರು, ಸಿಸಿಟಿವಿ ದೃಶ್ಯವನ್ನೂ ತಂದರು. 2018ರಲ್ಲಿ ಗ್ರಾಹಕರ ವೇದಿಕೆ ತೀರ್ಪು ಕೊಟ್ಟಿತು. ಪಿನ್ ಇನ್ನೊಬ್ಬರಿಗೆ ಕೊಡುವಂಥದ್ದಲ್ಲ, ಗಂಡನಾದರೂ ಅಷ್ಟೇ. ಬರಲಾಗದಿದ್ದರೆ ಸೆಲ್ಫ್ ಚೆಕ್ಕೋ ಅಧಿಕಾರ ಪತ್ರವೋ ಕೊಡಬೇಕಿತ್ತು ಅಂದಿತು. ದುಡ್ಡು ಸಿಗಲಿಲ್ಲ. ಬಾಣಂತಿಯ ಪರಿಸ್ಥಿತಿ ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ದುಡ್ಡು ಬಾರದೇ ಹೋಗಿದ್ದು ಮೆಷಿನ್‌ನ ತೊಂದರೆ ಅಂತ ಅವರು ಹೇಳುತ್ತಿದ್ದರು. ಆದರೆ ಪಿನ್ ಹೇಳಿದ ಒಂದೇ ಕಾರಣಕ್ಕೆ ಆ ವಾದದ ಕಾಲೇ ಮುರಿಯಿತು.

ನಡುವೆ ಇನ್ನೊಂದು ವಿಷಯ. ಎಟಿಎಂನಲ್ಲಿ ದುಡ್ಡು ಬಾರದೆ ಖಾತೆಯಲ್ಲಿ ಕಡಿತವಾದರೆ, 5 ದಿನದೊಳಗೆ ಬ್ಯಾಂಕೇ ವಾಪಸ್ ಹಾಕಬೇಕು, ತಡವಾದರೆ ದಿನಕ್ಕೆ ₹100ರಂತೆ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2019ರಲ್ಲಿ ನಿಯಮ ಮಾಡಿದೆ. ಆ ಚೀಟಿಯನ್ನು ಅಲ್ಲೇ ಕಸದ ಬುಟ್ಟಿಗೆ ಹಾಕಬೇಡಿ.

ಎರಡನೆಯ ಪ್ರಕರಣ ಅಸ್ಸಾಂನದು. ಒಬ್ಬ ಗ್ರಾಹಕರ ಖಾತೆಯಿಂದ ₹94,204 ಹೋಯಿತು. ಗ್ರಾಹಕರೇ ಒಟಿಪಿ ಕೊಟ್ಟಿರಬೇಕು ಅಂತ ಬ್ಯಾಂಕ್ ವಾದಿಸಿತು. ಆದರೆ ಅವರ ಅಜಾಗರೂಕತೆಯನ್ನು ಸಾಬೀತು ಮಾಡಲು ಬ್ಯಾಂಕಿಗೆ ಆಗಲಿಲ್ಲ. ಅವರು 24 ಗಂಟೆಯೊಳಗೆ ದೂರು ಕೊಟ್ಟಿದ್ದರು. ಗುವಾಹಟಿ ಹೈಕೋರ್ಟ್ ಗ್ರಾಹಕರ ಪರ ನಿಂತಿತು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡಿಯಿತು. ಗ್ರಾಹಕರೂ ಎಚ್ಚರವಾಗಿರಬೇಕು, ಒಟಿಪಿ ಹಂಚಿಕೊಳ್ಳಬಾರದು ಅನ್ನುವುದನ್ನೂ ಸೇರಿಸಿತು. ಹಣ ಬ್ಯಾಂಕ್ ಕೊಡಬೇಕಾಯಿತು.

ಒಬ್ಬರು ಮನೆಯವರಿಗೇ ಹೇಳಿ ಕಳೆದುಕೊಂಡರು. ಇನ್ನೊಬ್ಬರು ಹೇಳಿದ್ದಾರೆ ಅಂತ ಸಾಬೀತಾಗದ ಕಾರಣ, ಮತ್ತು ಬೇಗ ದೂರು ಕೊಟ್ಟ ಕಾರಣ, ವಾಪಸ್ ಪಡೆದರು.

ಈ ಎರಡು ವಿಷಯವೂ ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯಲ್ಲಿವೆ. ಸಹಕಾರಿ ಬ್ಯಾಂಕುಗಳಿಗೆ ಅದೇ ವರ್ಷದ ಡಿಸೆಂಬರ್‌ನಲ್ಲಿ ಇಂಥದ್ದೇ ಸುತ್ತೋಲೆ ಬಂತು. ಅದರ ತಿರುಳನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ, ಸ್ವಲ್ಪ ನಿಧಾನವಾಗಿ ಓದಿ.

ತಪ್ಪು ಬ್ಯಾಂಕಿನದೇ ಆದರೆ, ಅಂದರೆ ಅವರ ವ್ಯವಸ್ಥೆಯ ದೋಷ ಅಥವಾ ಅವರ ಕಡೆಯವರ ಮೋಸವಾದರೆ, ನಿಮ್ಮ ನಷ್ಟ ಸೊನ್ನೆ. ನೀವು ದೂರು ಕೊಟ್ಟರೂ ಸೊನ್ನೆ, ಕೊಡದಿದ್ದರೂ ಸೊನ್ನೆ.

ತಪ್ಪು ಬ್ಯಾಂಕಿನದೂ ಅಲ್ಲ, ನಿಮ್ಮದೂ ಅಲ್ಲ, ನಡುವೆ ಎಲ್ಲೋ ಮೂರನೆಯವರ ಕಡೆ ಆಗಿದೆ ಅಂದುಕೊಳ್ಳಿ. ಆಗ ಗಡಿಯಾರ ಮುಖ್ಯ. ಬ್ಯಾಂಕಿನಿಂದ ಮೆಸೇಜ್ ಬಂದು 3 ಕೆಲಸದ ದಿನದೊಳಗೆ ತಿಳಿಸಿದರೆ ನಿಮ್ಮ ನಷ್ಟ ಸೊನ್ನೆ. 4ರಿಂದ 7 ಕೆಲಸದ ದಿನದೊಳಗೆ ತಿಳಿಸಿದರೆ ನಿಮ್ಮ ಪಾಲಿಗೆ ಒಂದು ಮಿತಿ ಇದೆ. ಕನಿಷ್ಠ ಬಾಕಿ ಬೇಡದ ಸಾದಾ ಖಾತೆಗೆ ₹5,000, ಮಾಮೂಲಿ ಉಳಿತಾಯ ಖಾತೆಗೆ ₹10,000, ದೊಡ್ಡ ಚಾಲ್ತಿ ಖಾತೆ ಮತ್ತು ₹5 ಲಕ್ಷಕ್ಕಿಂತ ಜಾಸ್ತಿ ಮಿತಿಯ ಕ್ರೆಡಿಟ್ ಕಾರ್ಡಿಗೆ ₹25,000. ಹೋದ ಮೊತ್ತ ಅದಕ್ಕಿಂತ ಕಡಿಮೆಯಿದ್ದರೆ ಹೋದಷ್ಟೇ. 7 ದಿನ ದಾಟಿದರೆ ಆ ಬ್ಯಾಂಕಿನ ಆಡಳಿತ ಮಂಡಳಿ ಮಾಡಿಕೊಂಡ ನೀತಿಯ ಮೇಲೆ ಬಿಟ್ಟಿದ್ದು. ಮೆಸೇಜ್ ಬಂದ ದಿನ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಶಾಖೆಗೆ ರಜೆ ಇದ್ದ ದಿನವೂ ಬರುವುದಿಲ್ಲ.

ಇನ್ನು ತಪ್ಪು ನಿಮ್ಮದೇ ಆದರೆ, ಪಿನ್ ಅಥವಾ ಒಟಿಪಿ ನೀವೇ ಹೇಳಿದ್ದರೆ, ನೀವು ಬ್ಯಾಂಕಿಗೆ ತಿಳಿಸುವವರೆಗಿನ ಪೂರ್ತಿ ನಷ್ಟ ನಿಮ್ಮದು. ಆದರೆ ಅದೇ ಸಾಲಿನ ಮುಂದಿನ ಭಾಗವನ್ನು ಜನ ಮರೆಯುತ್ತಾರೆ. ತಿಳಿಸಿದ ಮೇಲೆ ಹೋದ ಪ್ರತಿ ರೂಪಾಯಿಯೂ ಬ್ಯಾಂಕಿನ ನಷ್ಟ. ಅಂದರೆ ತಪ್ಪು ಮಾಡಿದವರಿಗೂ ಬಾಗಿಲು ಮುಚ್ಚಿಲ್ಲ. “ನಾನೇ ಹೇಳ್ಬಿಟ್ಟೆ, ಈಗ ಯಾವ ಮುಖ ಇಟ್ಕೊಂಡು ಹೋಗ್ಲಿ” ಅಂತ ಒಂದು ರಾತ್ರಿ ಕಳೆದರೆ, ಆ ರಾತ್ರಿ ಹೋಗುವ ದುಡ್ಡೆಲ್ಲ ನಿಮ್ಮ ಲೆಕ್ಕಕ್ಕೇ ಬರೆಯಲ್ಪಡುತ್ತದೆ. ತಕ್ಷಣ ಫೋನ್ ಮಾಡಿದರೆ ಗೆರೆ ಅಲ್ಲಿಗೇ ನಿಲ್ಲುತ್ತದೆ.

ಬ್ಯಾಂಕಿನ ಪಾಲಿನ ಕೆಲಸವೂ ಸುತ್ತೋಲೆಯಲ್ಲಿದೆ. ಪ್ರತಿ ವ್ಯವಹಾರಕ್ಕೂ ಎಸ್‌ಎಂಎಸ್ ಕಳಿಸಬೇಕು. ದೂರು ತೆಗೆದುಕೊಳ್ಳಲು ಹಗಲು ರಾತ್ರಿ ದಾರಿ ಇರಬೇಕು. ದೂರು ಕೊಟ್ಟ ತಕ್ಷಣ ದೂರಿನ ಸಂಖ್ಯೆ ಕೊಡಬೇಕು. 10 ಕೆಲಸದ ದಿನದೊಳಗೆ ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಹಾಕಬೇಕು. 90 ದಿನದೊಳಗೆ ದೂರನ್ನು ತೀರ್ಮಾನ ಮಾಡಬೇಕು. ಎಲ್ಲಕ್ಕಿಂತ ದೊಡ್ಡದು ಇದು: ತಪ್ಪು ಗ್ರಾಹಕರದು ಅಂತ ಸಾಬೀತು ಮಾಡುವ ಭಾರ ಬ್ಯಾಂಕಿನ ಮೇಲಿದೆ. ಕೌಂಟರಿನಲ್ಲಿ ಯಾರಾದರೂ “ನೀವೇ ಹೇಳಿರ್ತೀರಿ ಬಿಡಿ” ಅಂದರೆ ತಲೆ ತಗ್ಗಿಸಿ ಬರಬೇಕಾಗಿಲ್ಲ.

ಮೆಸೇಜ್ ಬಂದ ಮೇಲೆ ಗಡಿಯಾರ ಓಡುತ್ತದೆ ಅಂದೆ. ಹಾಗಾದರೆ ಆ ಮೆಸೇಜ್ ಯಾರ ಮೊಬೈಲ್‌ಗೆ ಬರುತ್ತಿದೆ? ಆಲೂರು, ಅರಕಲಗೂಡಿನ ಹಳ್ಳಿಗಳಲ್ಲಿ ಎಷ್ಟೋ ತಾಯಂದಿರ ಖಾತೆಗೆ ಬೆಂಗಳೂರಿನಲ್ಲಿರುವ ಮಗನ ನಂಬರ್ ಸೇರಿಸಿರುತ್ತಾರೆ. ಅಥವಾ ಯಾವತ್ತೋ ಬಿಟ್ಟ ಹಳೆಯ ಸಿಮ್ಮಿನ ನಂಬರ್. ಸಿಮ್ ಬಿಟ್ಟರೆ ಕೆಲವು ತಿಂಗಳ ಮೇಲೆ ಅದೇ ನಂಬರ್ ಬೇರೆಯವರಿಗೆ ಹೋಗುತ್ತದೆ. ನಿಮ್ಮ ಒಟಿಪಿಯೂ ಅವರಿಗೇ ಹೋಗುತ್ತದೆ. ಈ ವಾರ ಬ್ಯಾಂಕಿಗೆ ಹೋಗುವ ಕೆಲಸವಿದ್ದರೆ ಇದೊಂದನ್ನು ಮೊದಲು ವಿಚಾರಿಸಿ.

ಮನೆಯೊಳಗಿನ ನಂಬಿಕೆ

ಪಿನ್ ಹಂಚಿಕೊಳ್ಳುವುದು ನಮ್ಮಲ್ಲಿ ದಡ್ಡತನದಿಂದ ಅಲ್ಲ, ನಂಬಿಕೆಯಿಂದ. ಅಮ್ಮನ ಕಾರ್ಡ್ ಮಗನ ಹತ್ತಿರ. ಅತ್ತೆಯ ಕಾರ್ಡ್ ಸೊಸೆಯ ಹತ್ತಿರ. ಡೇರಿ ಹಾಲಿನ ದುಡ್ಡು ಬೀಳುವ ಖಾತೆ ಹೆಂಡತಿಯ ಹೆಸರಲ್ಲಿ, ಪಿನ್ ಗಂಡನ ಬಾಯಲ್ಲಿ. ಕಾರ್ಡಿನ ಕವರ್ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದ ನಾಲ್ಕು ಅಂಕಿ ನಾನು ನೋಡದ ಮನೆಯೇ ಕಡಿಮೆ. ನಮ್ಮ ಅಮ್ಮನ ಕವರ್ ಮೇಲೂ ಇತ್ತು, ಬರೆದುಕೊಟ್ಟವನು ನಮ್ಮಣ್ಣ.

ಇದಕ್ಕಿಂತ ನನಗೆ ಜಾಸ್ತಿ ಬೇಸರ ತರಿಸುವುದು ಇನ್ನೊಂದು. ಮಲೆನಾಡಿನ ಕಡೆ ಸಾಲಕ್ಕೆ ಅಡವಾಗಿ ಎಟಿಎಂ ಕಾರ್ಡ್ ಇಟ್ಟುಕೊಳ್ಳುವವರಿದ್ದಾರೆ. ಪಿನ್ ಸಮೇತ. ಕೂಲಿ ದುಡ್ಡು ಬಿದ್ದ ದಿನ ಅವರೇ ತೆಗೆದುಕೊಂಡು ಉಳಿದಿದ್ದನ್ನು ಕೊಡುತ್ತಾರೆ. ಎಷ್ಟು ತೆಗೆದರು ಅನ್ನುವುದು ಕಾರ್ಡಿನ ಒಡೆಯನಿಗೇ ಗೊತ್ತಿರುವುದಿಲ್ಲ. ಮುಂದೆ ಜಗಳವಾದರೆ ಕೇಳಲು ಹಕ್ಕೂ ಉಳಿದಿರುವುದಿಲ್ಲ, ಯಾಕೆಂದರೆ ಪಿನ್ ಕೊಟ್ಟಿದ್ದು ಅವನೇ. ಹೀಗೆ ಕಾರ್ಡ್ ಕೊಟ್ಟವರು ನಿಮ್ಮ ಪರಿಚಯದಲ್ಲಿದ್ದರೆ, ಆ ಕಾರ್ಡ್ ಬ್ಲಾಕ್ ಮಾಡಿಸಿ ಹೊಸದು ತೆಗೆಸಲು ಅವರ ಜೊತೆ ಬ್ಯಾಂಕಿಗೆ ಹೋಗಿಬನ್ನಿ. ಒಬ್ಬರೇ ಹೋಗಲು ಅವರಿಗೆ ಹೆದರಿಕೆ ಇರುತ್ತದೆ.

ಹಾಗಾದರೆ ಅಮ್ಮನಿಗೆ ಎಟಿಎಂಗೆ ಹೋಗಲು ಆಗದಿದ್ದರೆ ಏನು ಮಾಡುವುದು? ಪಿನ್ ಹೇಳದೆಯೇ ನೆರವಾಗುವ ದಾರಿಗಳಿವೆ. ಜಂಟಿ ಖಾತೆ ಮಾಡಿ, ಇಬ್ಬರಲ್ಲಿ ಯಾರಾದರೂ ವ್ಯವಹಾರ ಮಾಡಬಹುದು ಅಂತ ಬರೆಸಿದರೆ ಇಬ್ಬರಿಗೂ ಬೇರೆ ಬೇರೆ ಕಾರ್ಡ್, ಬೇರೆ ಬೇರೆ ಪಿನ್ ಸಿಗುತ್ತದೆ. ಆಗ ಮಗ ಒತ್ತುವುದು ಅಮ್ಮನ ಸಹಿಯನ್ನಲ್ಲ, ತನ್ನದೇ ಸಹಿಯನ್ನು.

ಯುಪಿಐನಲ್ಲಿ 2024ರ ಆಗಸ್ಟ್‌ನಿಂದ ಯುಪಿಐ ಸರ್ಕಲ್ ಅಂತ ಒಂದು ಸೌಲಭ್ಯವಿದೆ. ಅಮ್ಮನ ಖಾತೆಯಿಂದ ಮಗಳು ಅಂಗಡಿಗೆ ದುಡ್ಡು ಕೊಡಬಹುದು, ಅಮ್ಮನ ಪಿನ್ ಅವಳಿಗೆ ಗೊತ್ತಾಗುವುದಿಲ್ಲ. ಅದರಲ್ಲಿ ಎರಡು ಬಗೆ. ಒಂದರಲ್ಲಿ ಪ್ರತಿ ಸಲವೂ ಅಮ್ಮನೇ ತನ್ನ ಮೊಬೈಲ್‌ನಲ್ಲಿ ಒಪ್ಪಿಗೆ ಕೊಡಬೇಕು. ಇನ್ನೊಂದರಲ್ಲಿ ಮೊದಲೇ ಮಿತಿ ಹಾಕಿಕೊಡುವುದು: ತಿಂಗಳಿಗೆ ಗರಿಷ್ಠ ₹15,000, ಒಂದು ಸಲಕ್ಕೆ ಗರಿಷ್ಠ ₹5,000. ಬೇಡವಾದ ದಿನ ತೆಗೆದುಹಾಕಬಹುದು. ಪಿನ್ ಹೇಳಿಬಿಟ್ಟರೆ ಮಿತಿಯೂ ಇಲ್ಲ, ವಾಪಸ್ ತೆಗೆದುಕೊಳ್ಳುವ ಮಾತೂ ಇಲ್ಲ.

ನಮ್ಮಮ್ಮನ ಜೊತೆ ಎಟಿಎಂಗೆ ಹೋಗಿ ಪಿನ್ ಬದಲಿಸಿದ ದಿನ ಅವರು ಕೇಳಿದ್ದು ಒಂದೇ ಪ್ರಶ್ನೆ. “ಮರ್ತು ಹೋದ್ರೆ ದುಡ್ಡು ಹೋಗ್ಬಿಡುತ್ತಾ?” ಕವರ್ ಮೇಲೆ ಬರೆದಿಟ್ಟಿದ್ದರ ಹಿಂದೆ ಇದ್ದಿದ್ದು ಈ ಭಯ. ಮರೆತರೆ ದುಡ್ಡು ಹೋಗುವುದಿಲ್ಲ ಅಂತ ಅವರಿಗೆ ಇಷ್ಟು ವರ್ಷ ಯಾರೂ ಹೇಳಿರಲಿಲ್ಲ. ಅದೇ ಎಟಿಎಂನಲ್ಲಿ ಮೊಬೈಲ್‌ಗೆ ಒಟಿಪಿ ತರಿಸಿಕೊಂಡು ಹೊಸ ಪಿನ್ ಮಾಡಿಕೊಳ್ಳಬಹುದು, ಇಲ್ಲದಿದ್ದರೆ ಪಾಸ್‌ಬುಕ್ ಹಿಡಿದು ಶಾಖೆಗೆ ಹೋಗಿ ದುಡ್ಡು ತೆಗೆಯಬಹುದು. ಇದು ಗೊತ್ತಾದ ಮೇಲೆ ಅವರೇ ಆ ಕವರನ್ನು ಒಲೆಗೆ ಹಾಕಿದರು.

ಬೆರಳೂ ಒಂದು ಪಿನ್ನೇ. ಹಳ್ಳಿಯಲ್ಲಿ ಬ್ಯಾಂಕ್ ಮಿತ್ರರ ಹತ್ತಿರ ಆಧಾರ್ ಸಂಖ್ಯೆ ಹೇಳಿ ಬೆರಳಿಟ್ಟು ದುಡ್ಡು ತೆಗೆಯುತ್ತೇವಲ್ಲ, ಅಲ್ಲಿ ಬೆರಳೇ ಸಹಿ. ಜಮೀನು ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ ಖಾತೆಯಿಂದ ಹಣ ತೆಗೆದ ಪ್ರಕರಣಗಳು 2023ರಲ್ಲಿ ನಮ್ಮ ರಾಜ್ಯದಲ್ಲೇ ಬಯಲಿಗೆ ಬಂದವು. ಪಿನ್ ಬದಲಿಸಬಹುದು, ಬೆರಳು ಬದಲಿಸಲು ಆಗುವುದಿಲ್ಲ. ಅದಕ್ಕೆ ಬೀಗ ಹಾಕಬಹುದು. ಆಧಾರ್ ಆ್ಯಪ್ ಅಥವಾ ವೆಬ್‌ಸೈಟಿನಲ್ಲಿ ಬಯೋಮೆಟ್ರಿಕ್ ಲಾಕ್ ಇದೆ, ಬೇಕಾದಾಗ ತೆಗೆದು ಮತ್ತೆ ಹಾಕಬಹುದು. ರೇಷನ್ ಅಂಗಡಿಯಲ್ಲಿ ಬೆರಳಿಡುವ ಮುಂಚೆ ತೆಗೆಯಲು ನೆನಪಿರಲಿ.

ದುಡ್ಡು ಬರಬೇಕಾದರೆ ಪಿನ್ ಬೇಕಾಗಿಲ್ಲ

ಸಕಲೇಶಪುರದ ಹತ್ತಿರ ಹೋಂಸ್ಟೇ ನಡೆಸುವ ಪರಿಚಯದವರೊಬ್ಬರಿಗೆ ಫೋನ್ ಬಂತು. ತಾನು ಸೈನ್ಯದ ಅಧಿಕಾರಿ, ನಾಲ್ಕು ರೂಮ್ ಬೇಕು, ಮುಂಗಡ ಕಳಿಸುತ್ತೇನೆ ಅಂತ. ಸೈನ್ಯ ಅಂದ ತಕ್ಷಣ ಇವರಿಗೆ ಗೌರವ. ವಾಟ್ಸ್ಯಾಪಿನಲ್ಲಿ ಒಂದು ಕ್ಯೂಆರ್ ಕೋಡ್ ಬಂತು. “ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ, ನಿಮಗೆ ಮುಂಗಡ ಬರುತ್ತೆ.” ಒತ್ತಿದರು. ಬರಲಿಲ್ಲ, ಹೋಯಿತು.

ಇಲ್ಲಿ ಅವರು ಪಿನ್ ಯಾರಿಗೂ ಹೇಳಲಿಲ್ಲ. ತಮ್ಮ ಕೈಯಿಂದಲೇ, ತಮ್ಮ ಮೊಬೈಲ್‌ನಲ್ಲೇ ಒತ್ತಿದರು. ಆದ್ದರಿಂದ ಇಂಥ ಪ್ರಕರಣದಲ್ಲಿ ಬ್ಯಾಂಕಿನಿಂದ ವಾಪಸ್ ಪಡೆಯುವುದು ಬಹಳ ಕಷ್ಟ. ಕಾನೂನಿನ ಕಣ್ಣಲ್ಲಿ ಅದು ಅವರೇ ಸಹಿ ಹಾಕಿ ಕೊಟ್ಟ ಚೆಕ್ಕಿನ ಹಾಗೆ. ಯುಪಿಐ ಪಿನ್ ಒತ್ತುವುದು ದುಡ್ಡು ಕೊಡುವಾಗ ಮತ್ತು ಬಾಕಿ ನೋಡುವಾಗ. ಬರುವ ದುಡ್ಡಿಗೆ ಪಿನ್ ಬೇಕಿಲ್ಲ, ಸ್ಕ್ಯಾನೂ ಬೇಕಿಲ್ಲ. ಆಲೂಗಡ್ಡೆ ಮಾರಿದ ದುಡ್ಡಾಗಲಿ, ರೂಮಿನ ಮುಂಗಡವಾಗಲಿ, ಅದು ತಾನಾಗಿಯೇ ಬಂದು ಬೀಳುತ್ತದೆ.

ಈಗೀಗ ಪಿನ್ ಕೇಳುವುದೂ ಇಲ್ಲ. ವಾಟ್ಸ್ಯಾಪಿನಲ್ಲಿ ಮದುವೆ ಕರೆಯೋಲೆ ಅಂತಲೋ, ಗಾಡಿಯ ದಂಡದ ಚೀಟಿ ಅಂತಲೋ ಒಂದು ಫೈಲ್ ಬರುತ್ತದೆ. ಹೆಸರಿನ ಕೊನೆಯಲ್ಲಿ ಎಪಿಕೆ ಅಂತ ಇರುತ್ತದೆ. ಅದು ಕರೆಯೋಲೆ ಅಲ್ಲ, ಆ್ಯಪ್. ಹಾಕಿಕೊಂಡರೆ ನಿಮ್ಮ ಎಸ್‌ಎಂಎಸ್‌ಗಳನ್ನು ಓದುವ ಅನುಮತಿ ಕೇಳುತ್ತದೆ. ಕೊಟ್ಟರೆ ಒಟಿಪಿಗಳೆಲ್ಲ ಅತ್ತ ಹರಿಯುತ್ತವೆ. ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸುವುದೂ ಇದೇ ಜಾತಿ. ನೀವು ಒತ್ತಿದ್ದೆಲ್ಲ ಅವರಿಗೆ ಕಾಣುತ್ತಿರುತ್ತದೆ.

ಪಾಸ್‌ವರ್ಡ್ ಬೇರೆಯೇ ಲೆಕ್ಕ

ಪಿನ್ನಿಗೆ ಮೂರು ಅವಕಾಶದ ಕಾವಲಿದೆ. ಪಾಸ್‌ವರ್ಡಿಗೆ ಆ ಕಾವಲು ಎಲ್ಲ ಕಡೆ ಇರುವುದಿಲ್ಲ. ಯಾವುದೋ ವೆಬ್‌ಸೈಟಿನ ಆ “ಪುಡಿ”ಯ ಡಬ್ಬಿಯೇ ಕಳುವಾದರೆ, ಕಳ್ಳರು ತಮ್ಮ ಮನೆಯಲ್ಲಿ ಕೂತು ಕೋಟಿಗಟ್ಟಲೆ ಊಹೆಗಳನ್ನು ಪುಡಿ ಮಾಡಿ ಹೋಲಿಸಬಹುದು. ಹಾಗಾಗಿ ಪಾಸ್‌ವರ್ಡ್ ಉದ್ದ ಇರಬೇಕು.

ದೊಡ್ಡಕ್ಷರ, ಚಿಕ್ಕಕ್ಷರ, ಚಿಹ್ನೆ ಎಲ್ಲ ಸೇರಿಸಿ, ಆಗಾಗ ಬದಲಿಸಿ ಅನ್ನುವ ಸಲಹೆ ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಯ 2003ರ ಕೈಪಿಡಿಯಿಂದ ಹರಡಿತು. ಅದೇ ಸಂಸ್ಥೆ 2017ರಲ್ಲಿ ಮಾತು ಬದಲಿಸಿತು. ಸುಮ್ಮಸುಮ್ಮನೆ ಬದಲಿಸಲು ಒತ್ತಾಯ ಮಾಡಬೇಡಿ, ಉದ್ದಕ್ಕೆ ಮಹತ್ವ ಕೊಡಿ ಅಂದಿತು. ಯಾಕೆಂದರೆ ಒತ್ತಾಯ ಮಾಡಿದರೆ ಜನ Hassan ಅನ್ನುವುದರ ಹಿಂದೆ 1 ಇದ್ದಿದ್ದನ್ನು 2 ಮಾಡುತ್ತಾರೆ, ಅಷ್ಟೇ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿ ಬರೆದರೆ ಒಳ್ಳೆಯ ಪಾಸ್‌ವರ್ಡ್ ಆಗುತ್ತದೆ. ಒನಕೆ, ಸಂಪಿಗೆ, ಬಸ್ಸು, ಹದಿನೇಳು ಅನ್ನುವ ಹಾಗೆ. ಇದನ್ನೇ ಹಾಕಿಕೊಳ್ಳಬೇಡಿ, ನಿಮ್ಮದೇ ಹುಡುಕಿಕೊಳ್ಳಿ.

ಎಲ್ಲ ಪಾಸ್‌ವರ್ಡಿಗೂ ತಾಯಿಬೇರು ಇಮೇಲ್. ಬೇರೆ ಯಾವುದು ಮರೆತರೂ ಹೊಸದು ಮಾಡುವ ಕೊಂಡಿ ಇಮೇಲಿಗೇ ಬರುತ್ತದೆ. ಅದಕ್ಕೊಂದು ಪ್ರತ್ಯೇಕ ಪಾಸ್‌ವರ್ಡ್, ಜೊತೆಗೆ ಎರಡು ಹಂತದ ಪರಿಶೀಲನೆ (ಪಾಸ್‌ವರ್ಡಿನ ಮೇಲೆ ಮೊಬೈಲ್‌ಗೆ ಬರುವ ಕೋಡನ್ನೂ ಕೇಳುವುದು) ಹಾಕಿಬಿಟ್ಟರೆ ಅರ್ಧ ಕೆಲಸ ಮುಗಿದ ಹಾಗೆ. ನೆನಪಿರದಿದ್ದರೆ ಪುಸ್ತಕದಲ್ಲಿ ಬರೆದು ಬೀರುವಿನಲ್ಲಿಟ್ಟು ಬೀಗ ಹಾಕಿದರೂ ತಪ್ಪಿಲ್ಲ ಅನ್ನುವುದು ನನ್ನ ಅಭಿಪ್ರಾಯ. ದೂರದ ಕಳ್ಳ ನಿಮ್ಮ ಬೀರು ತೆರೆಯಲಾರ. ಆದರೆ ಎಟಿಎಂ ಪಿನ್ನನ್ನು ಮಾತ್ರ ಎಲ್ಲೂ ಬರೆಯಬೇಡಿ.

“ನನಗೇನಾದ್ರೂ ಆದ್ರೆ ಮನೆಯವರಿಗೆ ಗೊತ್ತಿರಬೇಕಲ್ಲ” ಅಂತ ಪಿನ್ ಹೇಳಿಡುವವರೂ ಇದ್ದಾರೆ. ತೀರಿಕೊಂಡವರ ಪಿನ್ ಒತ್ತಿ ದುಡ್ಡು ತೆಗೆದರೆ ಆಮೇಲೆ ಅಣ್ಣತಮ್ಮಂದಿರ ನಡುವೆ ವ್ಯಾಜ್ಯಕ್ಕೆ ದಾರಿ. ಅದಕ್ಕೆ ಸರಿಯಾದ ದಾರಿ ನಾಮಿನಿ. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರವರೆಗೂ ನಾಮಿನಿ ಮಾಡಬಹುದು.

ಹೋದ ಮೇಲಿನ ಮೊದಲ ಗಂಟೆ

ದುಡ್ಡು ಹೋಗಿದ್ದು ಗೊತ್ತಾದ ತಕ್ಷಣ ಎರಡು ಫೋನ್ ಮಾಡಿ. ಒಂದು ಕಾರ್ಡಿನ ಹಿಂದೆ ಇರುವ ಬ್ಯಾಂಕಿನ ಸಹಾಯವಾಣಿಗೆ, ಖಾತೆ ಮತ್ತು ಕಾರ್ಡ್ ನಿಲ್ಲಿಸಲು. ಇನ್ನೊಂದು ಸೈಬರ್ ಮೋಸದ ಸಹಾಯವಾಣಿ 1930ಕ್ಕೆ. ಗೂಗಲ್‌ನಲ್ಲಿ ಸಹಾಯವಾಣಿ ನಂಬರ್ ಹುಡುಕಬೇಡಿ. ಅಲ್ಲಿ ಕಳ್ಳರ ನಂಬರೂ ಸೇರಿಕೊಂಡಿರುತ್ತದೆ.

ಅಷ್ಟು ಆತುರ ಯಾಕೆ? ಕದ್ದ ದುಡ್ಡು ಒಂದು ಖಾತೆಯಲ್ಲಿ ನಿಲ್ಲುವುದಿಲ್ಲ. ಬಾಡಿಗೆಗೆ ಕೊಟ್ಟ ಯಾರ್ಯಾರದೋ ಖಾತೆಗಳಿಗೆ ಹಂಚಿಹೋಗಿ, ಕೊನೆಗೆ ಎಲ್ಲೋ ಎಟಿಎಂನಲ್ಲಿ ಕೈಗೆ ಬರುತ್ತದೆ. 1930ಕ್ಕೆ ದೂರು ಬಂದರೆ ಆ ಜಾಡು ಹಿಡಿದು, ದುಡ್ಡು ಇನ್ನೂ ಖಾತೆಯಲ್ಲಿರುವಾಗಲೇ ಅಲ್ಲೇ ತಡೆಹಿಡಿಯಲು ಬ್ಯಾಂಕುಗಳಿಗೆ ಸೂಚನೆ ಹೋಗುತ್ತದೆ. ನೋಟಾಗಿ ಹೊರಗೆ ಬಂದ ಮೇಲೆ ತಡೆಯಲು ಏನೂ ಉಳಿಯುವುದಿಲ್ಲ. ಕಾಲೇಜು ಹುಡುಗರಿಗೆ ಈ ಮಾತನ್ನು ಬೇರೆಯಾಗಿ ಹೇಳಬೇಕು: ಒಂದೆರಡು ಸಾವಿರಕ್ಕೆ ನಿಮ್ಮ ಖಾತೆ, ಕಾರ್ಡ್, ಪಿನ್ ಬಾಡಿಗೆಗೆ ಕೊಟ್ಟರೆ ಪೊಲೀಸರ ಜಾಡು ಮೊದಲು ಬಂದು ನಿಲ್ಲುವುದು ನಿಮ್ಮ ಮನೆ ಬಾಗಿಲಿಗೆ.

ಆಮೇಲೆ ಜಿಲ್ಲೆಯ ಸೆನ್ ಠಾಣೆಗೆ ದೂರು ಕೊಡಿ. ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳನ್ನು ನೋಡುವ ಠಾಣೆ ಅದು, ಹಾಸನದಲ್ಲೂ ಇದೆ, ಚಿಕ್ಕಮಗಳೂರಿನಲ್ಲೂ ಇದೆ. ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಪ್ರಕಾರ 3 ವರ್ಷದವರೆಗೆ ಜೈಲು, ₹1 ಲಕ್ಷದವರೆಗೆ ದಂಡ.

ಬ್ಯಾಂಕಿಗೆ ಫೋನ್ ಮಾಡಿದ್ದೊಂದೇ ಸಾಕು ಅಂದುಕೊಳ್ಳಬೇಡಿ. ಮಾರನೆಯ ದಿನವೇ ಶಾಖೆಗೆ ಹೋಗಿ ಬರಹದಲ್ಲಿ ದೂರು ಕೊಡಿ. ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಹೋಯಿತು, ಮೆಸೇಜ್ ಯಾವಾಗ ಬಂತು, ಫೋನ್ ಮಾಡಿದ್ದು ಎಷ್ಟು ಗಂಟೆಗೆ, ಅವರು ಕೊಟ್ಟ ದೂರಿನ ಸಂಖ್ಯೆ ಏನು, ಎಲ್ಲ ಬರೆಯಿರಿ. ನಡೆದಿದ್ದನ್ನು ನಡೆದ ಹಾಗೇ ಬರೆಯಿರಿ. ಪಿನ್ ಹೇಳಿದ್ದರೆ ಹೇಳಿದ್ದೇನೆ ಅಂತಲೇ ಬರೆಯಿರಿ. ಸುಳ್ಳು ಬರೆದು ಅದು ಮುಂದೆ ಗೊತ್ತಾದರೆ ನಿಜವಾದ ಹಕ್ಕೂ ಕೈತಪ್ಪುತ್ತದೆ.

ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಸರಿ ಕಾಣದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರು ಬೇಕಾಗಿಲ್ಲ. ದಾರಿ ಗೊತ್ತಾಗದಿದ್ದರೆ 14448ಕ್ಕೆ ಫೋನ್ ಮಾಡಿ ಕೇಳಬಹುದು. ಅಲ್ಲಿ ಅವರು ಮೊದಲು ಕೇಳುವುದು, ಬ್ಯಾಂಕಿಗೆ ಯಾವಾಗ ತಿಳಿಸಿದಿರಿ ಅಂತ. ಅದಕ್ಕಾಗಿ ಶಾಖೆಗೆ ಕೊಡುವ ದೂರನ್ನು ಎರಡು ಪ್ರತಿ ಮಾಡಿ. ಒಂದರ ಮೇಲೆ ಅವರ ಸೀಲು, ಸಹಿ, ತಾರೀಖು ಹಾಕಿಸಿಕೊಂಡು ಮನೆಗೆ ತನ್ನಿ.